ಬಿಸಿಯಾಗದೆ ಹಿಡಿಯದ ಬ್ರೇಕು

ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿದು ಬಂದು ನಿಂತ ಬಸ್ಸಿನ ಪಕ್ಕದಲ್ಲಿ ಹಾದುಹೋದವರಿಗೆಲ್ಲ ಆ ಘಾಟು ಗೊತ್ತು. ಮೂಗಿನ ಹಿಂಬದಿಗೆ ಹತ್ತಿಕೊಂಡರೆ ಸ್ವಲ್ಪ ಹೊತ್ತು ಬಿಡುವುದಿಲ್ಲ. ‘ಲೈನರ್ ಕಾದಿದೆ’ ಎಂದು ಡ್ರೈವರು ಚಕ್ರದ ಕಡೆ ಒಮ್ಮೆ ನೋಡಿ ಚಹಾ ಕುಡಿಯಲು ಹೋಗುತ್ತಾರೆ. ಹತ್ತಿದ ಗೇರಿನಲ್ಲೇ ಇಳಿಯಬೇಕು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಘಾಟಿ ಇಳಿಯಬಾರದು ಎಂಬ ಪಾಠ ಡ್ರೈವಿಂಗ್ ಸ್ಕೂಲಿನ ಮುಖ ನೋಡದವರಿಗೂ ತಿಳಿದಿದೆ. ಕಾದ ಬ್ರೇಕು ಹಿಡಿಯುವುದಿಲ್ಲ. ಇಷ್ಟು ಸರಿ.

ಈಗ ಟಿವಿಯಲ್ಲಿ ಫಾರ್ಮುಲಾ ಒನ್ ರೇಸ್ ಶುರುವಾಗುವ ಮುಂಚಿನ ಸುತ್ತನ್ನು ನೋಡಿ. ಕಾರುಗಳು ಸಾಲಾಗಿ ನಿಧಾನಕ್ಕೆ ಹೋಗುತ್ತಿರುತ್ತವೆ, ಆದರೆ ಚಾಲಕರು ಸುಮ್ಮನಿರುವುದಿಲ್ಲ. ಒಮ್ಮೆಲೇ ವೇಗ ಹೆಚ್ಚಿಸುತ್ತಾರೆ, ಮರುಕ್ಷಣ ಬ್ರೇಕ್ ಒತ್ತುತ್ತಾರೆ, ಮತ್ತೆ ಅದನ್ನೇ ಮಾಡುತ್ತಾರೆ. ಟೈರುಗಳ ಜೊತೆ ಬ್ರೇಕನ್ನೂ ಬೇಕೆಂದೇ ಕಾಯಿಸುತ್ತಿದ್ದಾರೆ. ಕಾಯಿಸದೆ ಹೋದರೆ ಮೊದಲ ತಿರುವಿನಲ್ಲಿ ಅದು ಹಿಡಿಯುವುದಿಲ್ಲ.

ಘಾಟಿಯಲ್ಲಿ ಕಾದದ್ದಕ್ಕೆ ಕೈಕೊಡುವ ಬ್ರೇಕು ರೇಸಿನಲ್ಲಿ ಕಾಯದೆ ಇದ್ದದ್ದಕ್ಕೆ ಕೈಕೊಡುತ್ತದೆ. ಎರಡೂ ಕಡೆ ಕೆಲಸ ಒಂದೇ: ಚಕ್ರದ ಜೊತೆ ತಿರುಗುವ ಡಿಸ್ಕಿನಂಥ ಭಾಗಕ್ಕೆ ಲೈನರನ್ನೋ ಪ್ಯಾಡನ್ನೋ ಒತ್ತಿ ಹಿಡಿಯುವುದು. ಹಾಗಾದರೆ ಬಿಸಿಯೊಂದಿಗೆ ಬ್ರೇಕಿನ ಸಂಬಂಧ ಸ್ನೇಹವೋ ಹಗೆಯೋ?

ಈ ಪ್ರಶ್ನೆ ಬಸ್ ಡ್ರೈವರನ್ನು ಕಾಡುವುದಿಲ್ಲ, ರೇಸ್ ಚಾಲಕನನ್ನೂ ಕಾಡುವುದಿಲ್ಲ. ಅವರವರ ಪ್ಯಾಡು ಅವರವರಿಗೆ. ಕಾಡುವುದು ಇವರಿಬ್ಬರ ನಡುವೆ ಸಿಕ್ಕಿಕೊಂಡವನನ್ನು. ವಾರವಿಡೀ ಕಚೇರಿಗೆ ಓಡಿಸುವ ಸ್ಪೋರ್ಟ್ಸ್ ಕಾರನ್ನೇ ಭಾನುವಾರ ರೇಸ್ ಟ್ರ್ಯಾಕಿಗೆ ಇಳಿಸಿ, ಸಂಜೆ ಅದೇ ಕಾರಿನಲ್ಲಿ ಮನೆಗೆ ಬರುವವನನ್ನು. ಬೆಂಗಳೂರಿನಿಂದ ಬೆಳಗಿನ ಜಾವ ಹೊರಟು ಚೆನ್ನೈ ಹೊರವಲಯದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕಾರಿ ಟ್ರ್ಯಾಕಿಗೋ ಹೋಗುವವರಿದ್ದಾರೆ. ಆದರೆ ಈ ಹುಚ್ಚಿನ ತವರು ಜರ್ಮನಿಯ ಐಫೆಲ್ ಗುಡ್ಡಗಳಲ್ಲಿದೆ. ಅಲ್ಲಿ 1927ರಲ್ಲಿ ಶುರುವಾದ ನ್ಯೂರ್ಬರ್ಗ್‌ರಿಂಗ್‌ನ ಉತ್ತರ ಸುತ್ತು, ನಾರ್ಡ್‌ಶ್ಲೈಫ, 20.8 ಕಿಲೋಮೀಟರ್ ಉದ್ದ. ಸಾರ್ವಜನಿಕರಿಗೆ ಬಿಡುವ ದಿನಗಳಲ್ಲಿ ಅದು ಕಾನೂನಿನ ಪ್ರಕಾರ ಒಂದು ಟೋಲ್ ರಸ್ತೆ. ದುಡ್ಡು ಕಟ್ಟಿ ಯಾರು ಬೇಕಾದರೂ ಸ್ವಂತ ಕಾರು ಓಡಿಸಬಹುದು. ರಸ್ತೆಯೂ ಅದೇ, ಟ್ರ್ಯಾಕೂ ಅದೇ. ನಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗಲಾರದು. ಕಾರು ಯಾವುದು ಎಂದು ಕೇಳಿದರೆ, ಪೋರ್ಷೆ 718 ಕೇಮನ್ ಇರಲಿ. ಚಾಲಕ ಕೂತರೆ ಸುಮಾರು 1400 ಕಿಲೋ.

ಎಂಜಿನ್ನಿಗಿಂತ ದೊಡ್ಡ ಯಂತ್ರ

ಕೇಮನ್‌ನ ಎಂಜಿನ್ 220 ಕಿಲೋವಾಟ್ ಶಕ್ತಿ ಕೊಡುತ್ತದೆ. ಕೊಂಡವರು ಈ ಅಂಕಿಯನ್ನು ಹತ್ತು ಜನಕ್ಕೆ ಹೇಳುತ್ತಾರೆ. ಅದೇ ಕಾರು 200 ಕಿ.ಮೀ. ವೇಗದಲ್ಲಿದ್ದಾಗ ಬ್ರೇಕನ್ನು ಪೂರ್ತಿ ಒತ್ತಿದರೆ ಆ ಮೊದಲ ಕ್ಷಣದಲ್ಲಿ ಬ್ರೇಕುಗಳು ನುಂಗುವ ಶಕ್ತಿ ಸುಮಾರು 700 ಕಿಲೋವಾಟ್. ಎಂಜಿನ್ ಕೊಡುವುದರ ಮೂರು ಪಟ್ಟಿಗೂ ಹೆಚ್ಚು. ಈ ಅಂಕಿ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ.

ನುಂಗಿದ ಶಕ್ತಿ ಎಲ್ಲಿಗೆ ಹೋಯಿತು? ಬ್ರೇಕು ಕಾರನ್ನು ನಿಲ್ಲಿಸುತ್ತದೆ ಎನ್ನುವುದು ವಾಡಿಕೆಯ ಮಾತು. ಭೌತವಿಜ್ಞಾನದ ಮಾತಿನಲ್ಲಿ ಅದು ಚಲನೆಯನ್ನು ಬಿಸಿಯಾಗಿ ಬದಲಿಸುತ್ತದೆ, ಬೇರೇನನ್ನೂ ಮಾಡುವುದಿಲ್ಲ. ಆ ಬಿಸಿ ಮೊದಲು ಹೋಗಿ ಸೇರುವುದು ಡಿಸ್ಕಿಗೆ. ಡಿಸ್ಕು ಅದನ್ನು ನಿಧಾನವಾಗಿ ಗಾಳಿಗೆ ಬಿಡುತ್ತದೆ. ಒತ್ತುವುದು ನಾಲ್ಕೈದು ಸೆಕೆಂಡಿನ ಕೆಲಸ, ಆರುವುದಕ್ಕೆ ನಿಮಿಷಗಳು ಬೇಕು. ಎಲ್ಲ ತೊಂದರೆಯೂ ಈ ಅಂತರದಲ್ಲಿದೆ.

ವೇಗ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ನಮ್ಮ ಕಾರು ಪಟ್ಟಣದ ಸಿಗ್ನಲ್ಲಿನಲ್ಲಿ 50 ಕಿ.ಮೀ.ಯಿಂದ ನಿಂತರೆ ಮುಂದಿನ ಚಕ್ರಗಳ ಒಂದೊಂದು ಡಿಸ್ಕು ಬಿಸಿಯಾಗುವುದು ಬರೀ ಹತ್ತು ಡಿಗ್ರಿಯಷ್ಟು. ಮುಂದಿನ ಸಿಗ್ನಲ್ ಬರುವಷ್ಟರಲ್ಲಿ ಅದೂ ಆರಿರುತ್ತದೆ. ಅದೇ ಕಾರು ಟ್ರ್ಯಾಕಿನಲ್ಲಿ 200ರಿಂದ 80ಕ್ಕೆ ಇಳಿದರೆ ಅದೇ ಡಿಸ್ಕು ಒಂದೇ ಏಟಿಗೆ ನೂರರಿಂದ ನೂರೈವತ್ತು ಡಿಗ್ರಿ ಏರುತ್ತದೆ. ಅದು ಆರುವ ಮೊದಲೇ ಇನ್ನೊಂದು ತಿರುವು ಬಂದಿರುತ್ತದೆ. ಹೀಗೆ ಮೆಟ್ಟಿಲು ಹತ್ತುತ್ತ ಹತ್ತುತ್ತ ಐದಾರು ನೂರು ಡಿಗ್ರಿ ಮುಟ್ಟುವುದು ಟ್ರ್ಯಾಕಿನಲ್ಲಿ ದಿನನಿತ್ಯದ ಸಂಗತಿ. ಕತ್ತಲಲ್ಲಿ ಆ ಡಿಸ್ಕು ಮಂದವಾಗಿ ಕೆಂಪಗೆ ಕಾಣುತ್ತದೆ.

ನಾರ್ಡ್‌ಶ್ಲೈಫದಲ್ಲಿ ಇನ್ನೊಂದು ಹೊರೆಯೂ ಸೇರುತ್ತದೆ. ಅದರ ಅತಿ ಎತ್ತರದ ಜಾಗಕ್ಕೂ ಅತಿ ತಗ್ಗಿಗೂ ಸುಮಾರು 300 ಮೀಟರ್ ವ್ಯತ್ಯಾಸ. 1400 ಕಿಲೋ ಕಾರನ್ನು 300 ಮೀಟರ್ ಕೆಳಗೆ ಇಳಿಸಿದರೆ ಬಿಡುಗಡೆಯಾಗುವ ಶಕ್ತಿ, ಅದನ್ನು 200 ಕಿ.ಮೀ. ವೇಗದಿಂದ ಎರಡು ಸಲ ಪೂರ್ತಿ ನಿಲ್ಲಿಸಿದಷ್ಟಾಗುತ್ತದೆ. ನಮ್ಮ ಘಾಟಿಯ ಲೆಕ್ಕವೂ ಇದೇ. ಬಸ್ಸು ಮೂವತ್ತು ಕಿ.ಮೀ. ವೇಗ ದಾಟದಿದ್ದರೂ ಲೈನರ್ ಸುಡುವುದು ಇಳಿದ ಎತ್ತರದಿಂದ. ವೇಗದ ಪಾತ್ರ ಅಲ್ಲಿ ಚಿಕ್ಕದು. ಎಂಜಿನ್ನಿನ ಗೇರು ಹಿಡಿದುಕೊಂಡರೆ ಆ ಶಕ್ತಿಯ ಒಂದು ಪಾಲು ಲೈನರಿಗೆ ಹೋಗದೆ ಎಂಜಿನ್ನಿಗೆ ಹೋಗುತ್ತದೆ, ಅಷ್ಟೇ ಗುಟ್ಟು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದಾರಿಯಿಂದ ಸರಿಸಿಬಿಡೋಣ. ‘ಒಳ್ಳೇ ಪ್ಯಾಡ್ ಹಾಕಿಸಿದರೆ ಗಾಡಿ ಬೇಗ ನಿಲ್ಲುತ್ತದೆ’ ಎನ್ನುವವರು ತುಂಬ. ಕಂಪನಿಯಿಂದ ಬಂದ ಪ್ಯಾಡಿನಲ್ಲೇ ಜೋರಾಗಿ ಒತ್ತಿದರೆ, ಚಕ್ರ ಕಚ್ಚಿಕೊಂಡು ಜಾರದಂತೆ ನೋಡಿಕೊಳ್ಳುವ ಎಬಿಎಸ್ ಗರಗರ ಎನ್ನುತ್ತದೆಯೆ? ಎನ್ನುತ್ತದಾದರೆ ಟೈರು ರಸ್ತೆಯನ್ನು ಹಿಡಿಯುವ ಮಿತಿ ಆಗಲೇ ಮುಗಿದಿದೆ. ಇನ್ನು ಯಾವ ಪ್ಯಾಡ್ ಹಾಕಿದರೂ ಆ ಕಾರು ಒಂದಡಿ ಮೊದಲೂ ನಿಲ್ಲುವುದಿಲ್ಲ. ಮೊದಲ ಸಲ ಎಷ್ಟು ದೂರದಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಟೈರು. ಹತ್ತನೆಯ ಸಲವೂ ಅಷ್ಟೇ ದೂರದಲ್ಲಿ ನಿಲ್ಲುತ್ತದೆಯೇ ಎಂಬುದಷ್ಟೇ ಪ್ಯಾಡಿನ ಕೈಯಲ್ಲಿರುವುದು.

ಪ್ಯಾಡಿನೊಳಗೆ ಗೋಡಂಬಿ

ಇಂಗ್ಲೆಂಡಿನ ಬೆಟ್ಟಗುಡ್ಡಗಳ ಡರ್ಬಿಶೈರ್‌ನಲ್ಲಿ ಇಳಿಜಾರಿನಲ್ಲಿ ಗಾಡಿ ಹೊಡೆಯುವವರು ಹಳೆಯ ಬೂಟುಗಳನ್ನು ಬ್ರೇಕಿನ ಮರದ ಗಟ್ಟಿಗೆ ಸಿಕ್ಕಿಸುತ್ತಿದ್ದುದನ್ನು ಹರ್ಬರ್ಟ್ ಫ್ರೂಡ್ ಎಂಬವನು ಗಮನಿಸಿದ. 1897ರಲ್ಲಿ ಬ್ರೇಕಿಗೆಂದೇ ಬೇರೆ ವಸ್ತು ತಯಾರಿಸುವ ಕೆಲಸಕ್ಕೆ ಕೈಹಾಕಿದ. ಅವನು ಕಟ್ಟಿದ ಫೆರೋಡೋ ಇಂದಿಗೂ ಪ್ಯಾಡ್ ಮಾರುತ್ತಿದೆ. ಬಟ್ಟೆ, ಆಮೇಲೆ ಕಲ್ನಾರು. ಕಲ್ನಾರಿನ ಪುಡಿ ಶ್ವಾಸಕೋಶಕ್ಕೆ ಮಾರಕ ಎಂದು ಗೊತ್ತಾದ ಮೇಲೆ ಬಹಳಷ್ಟು ದೇಶಗಳು ಅದನ್ನು ಕೈಬಿಟ್ಟವು. ಈಗ ಒಂದು ಪ್ಯಾಡಿನಲ್ಲಿ ಹತ್ತಿಪ್ಪತ್ತು ಬಗೆಯ ಸಾಮಗ್ರಿಗಳಿರುತ್ತವೆ. ಯಾವುದು ಎಷ್ಟು ಎನ್ನುವುದನ್ನು ಯಾವ ಕಂಪನಿಯೂ ಬಾಯಿಬಿಡುವುದಿಲ್ಲ.

ಆದರೂ ಒಳಗೆ ಯಾರ್‍ಯಾರಿದ್ದಾರೆ ಎನ್ನುವುದು ಗುಟ್ಟೇನಲ್ಲ. ಗಟ್ಟಿಯಾಗಿ ಹಿಡಿದಿಡುವ ನಾರುಗಳಿವೆ: ಉಕ್ಕಿನವು, ಅರಾಮಿಡ್ ಎಂಬ ಕೃತಕ ನೂಲಿನವು. ಕೆರೆಯುವ ಪುಡಿಗಳಿವೆ: ಅಲ್ಯುಮಿನಾ, ಜಿರ್ಕೋನಿಯಾ. ಕೆರೆತ ಅತಿಯಾಗದಂತೆ ಸವರುವ ಗ್ರಾಫೈಟ್ ಇದೆ. ತೂಕ ತುಂಬಲು ಬೇರಿಯಂ ಲವಣ. ಎಲ್ಲವನ್ನೂ ಬಿಗಿದು ಒಂದು ಇಟ್ಟಿಗೆ ಮಾಡುವ ಅಂಟು ಫೀನಾಲಿಕ್ ರಾಳ. ಹಳೇ ಮನೆಗಳ ಕಪ್ಪು ಸ್ವಿಚ್ಚುಗಳ ಬೇಕಲೈಟ್ ಇದೆಯಲ್ಲ, ಅದೇ ವಂಶ. 1907ರಲ್ಲಿ ಲಿಯೋ ಬೇಕಲ್ಯಾಂಡ್ ಕಂಡುಹಿಡಿದದ್ದು. ಘಾಟಿಯ ಬುಡದಲ್ಲಿ ಬಸ್ಸಿನಿಂದ ಬರುವ ಘಾಟು ಬಹುಪಾಲು ಈ ರಾಳ ಬೇಯುತ್ತಿರುವ ವಾಸನೆ.

ಇನ್ನೊಬ್ಬ ಸದಸ್ಯನ ಹೆಸರು ಕೇಳಿದರೆ ಕರಾವಳಿಯವರು ಹುಬ್ಬೇರಿಸಬಹುದು: ಗೋಡಂಬಿ. ತಿನ್ನುವ ಬೀಜವಲ್ಲ, ಅದರ ಸಿಪ್ಪೆಯೊಳಗಿನ ಎಣ್ಣೆ. ಮಂಗಳೂರು ಕಡೆಯ ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರ ಬೆರಳುಗಳನ್ನು ಕಪ್ಪಾಗಿಸಿ ಸುಡುವ ಎಣ್ಣೆಯೇ ಇದು. ಅದನ್ನು ಸಂಸ್ಕರಿಸಿ ಗಟ್ಟಿಮಾಡಿ ಪುಡಿಮಾಡಿದರೆ ಬ್ರೇಕ್ ಪ್ಯಾಡಿಗೆ ಬೇಕಾದ ಒಂದು ಮೆತ್ತನೆಯ ಪುಡಿ ಸಿಗುತ್ತದೆ. ರಸ್ತೆಯ ಪ್ಯಾಡು ತಣ್ಣಗಿದ್ದಾಗಲೂ ನಯವಾಗಿ ಹಿಡಿಯುವುದಕ್ಕೆ, ಕಿರುಚದೆ ಇರುವುದಕ್ಕೆ ಇದರ ಪಾಲು ದೊಡ್ಡದು. ರಾಳದಂತೆ ಇದೂ ಸಸ್ಯಜನ್ಯವೋ ಕಾರ್ಖಾನೆಯದೋ ಆದ ಇಂಗಾಲದ ವಸ್ತುವೇ. ಮುನ್ನೂರು ಡಿಗ್ರಿ ದಾಟಿದರೆ ಇಂಥವೆಲ್ಲ ಒಡೆಯತೊಡಗುತ್ತವೆ, ಅನಿಲ ಬಿಡುತ್ತವೆ.

ಟ್ರ್ಯಾಕಿನ ಪ್ಯಾಡಿನಲ್ಲಿ ಇವುಗಳ ಪಾಲು ಕಡಿಮೆ. ಲೋಹದ ಪುಡಿ, ಇಂಗಾಲ, ಸೆರಾಮಿಕ್ ಕಣಗಳ ಪಾಲು ಹೆಚ್ಚು. ಕೆಲವನ್ನು ರಾಳವೇ ಇಲ್ಲದೆ, ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಬೆಸೆದು ಮಾಡುತ್ತಾರೆ. ಸುಡುವುದಕ್ಕೆ ಅದರಲ್ಲಿ ಹೆಚ್ಚೇನಿಲ್ಲ. ಹಾಗಿದ್ದರೆ ಎಲ್ಲ ಕಾರಿಗೂ ಇದನ್ನೇ ಹಾಕಬಾರದೇಕೆ?

ಕಾವಲಿ ಪಳಗಿಸುವ ಕೆಲಸ

ಉತ್ತರ ಪ್ಯಾಡಿನಲ್ಲಿಲ್ಲ, ಡಿಸ್ಕಿನ ಮೇಲಿದೆ. ಡಿಸ್ಕು ಎರಕದ ಕಬ್ಬಿಣ. ದೋಸೆಯ ಕಾವಲಿಯೂ ಎರಕದ ಕಬ್ಬಿಣವೇ. ಸಂತೆಯಿಂದ ತಂದ ಹೊಸ ಕಾವಲಿಯಲ್ಲಿ ಅವತ್ತೇ ದೋಸೆ ಹುಯ್ದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಅದನ್ನು ಪಳಗಿಸಬೇಕು: ಎಣ್ಣೆ ಸವರಿ ಕಾಯಿಸಿ, ಆರಿಸಿ, ಅರ್ಧ ಈರುಳ್ಳಿಯಿಂದ ಉಜ್ಜಿ, ಮತ್ತೆ ಸವರಿ ಕಾಯಿಸಿ. ಎಣ್ಣೆ ಬಿಸಿಗೆ ಬದಲಾಗಿ ಕಬ್ಬಿಣದ ಮೇಲೆ ತೆಳುವಾದ ಕರಿಯ ಪದರವಾಗಿ ಕೂರುತ್ತದೆ. ಆಮೇಲೆ ದೋಸೆ ಬೇಯುವುದು ಆ ಪದರದ ಮೇಲೆಯೇ, ಬರಿಯ ಕಬ್ಬಿಣದ ಮೇಲಲ್ಲ.

ಬ್ರೇಕಿನಲ್ಲೂ ಹೀಗೇ. ಪ್ಯಾಡು ಸವೆಯುತ್ತ ತನ್ನದೇ ವಸ್ತುವನ್ನು ಡಿಸ್ಕಿನ ಮೇಲೆ ಸವರುತ್ತ ಹೋಗುತ್ತದೆ. ಕಬ್ಬಿಣದ ಆಕ್ಸೈಡು, ಗ್ರಾಫೈಟ್, ರಾಳದ ಅಳಿದುಳಿದ ಅಂಶ ಎಲ್ಲ ಬೆರೆತು ಕೆಲವೇ ಮೈಕ್ರಾನ್ ದಪ್ಪದ ಪದರವಾಗುತ್ತದೆ. ಇದನ್ನು ಪಳಗಿದ ಪದರ ಎನ್ನೋಣ. ಕಾವಲಿಯ ಪದರ ಅಂಟದಂತೆ ನೋಡಿಕೊಂಡರೆ ಇದು ಅಂಟುವಂತೆ ನೋಡಿಕೊಳ್ಳುತ್ತದೆ, ವ್ಯತ್ಯಾಸ ಅಷ್ಟೇ. ಪ್ಯಾಡಿನ ಮೈಯೂ ಡಿಸ್ಕಿನ ಪದರವೂ ಒಂದೇ ಜಾತಿಯ ವಸ್ತು. ಒತ್ತಿದಾಗ ಎರಡೂ ಅಲ್ಲಲ್ಲಿ ಬೆಸೆದುಕೊಳ್ಳುತ್ತವೆ, ಡಿಸ್ಕು ತಿರುಗುತ್ತಿರುವುದರಿಂದ ಮರುಕ್ಷಣವೇ ಹರಿಯುತ್ತವೆ. ಸೆಕೆಂಡಿಗೆ ಎಣಿಸಲಾರದಷ್ಟು ಸಲ ಬೆಸೆಯುತ್ತವೆ, ಅಷ್ಟೇ ಸಲ ಹರಿಯುತ್ತವೆ. ಒಂದೊಂದು ಸಲ ಹರಿದಾಗಲೂ ಕಾರಿನ ಓಟದ ಒಂದು ಚೂರು ಖರ್ಚಾಗುತ್ತದೆ. ಇದಕ್ಕೆ ಅಂಟುಹಿಡಿತ ಎಂಬ ಹೆಸರು ಒಪ್ಪುತ್ತದೆ.

ಇನ್ನೊಂದು ದಾರಿಯೂ ಇದೆ. ಪ್ಯಾಡಿನ ಗಟ್ಟಿ ಕಣಗಳು ಡಿಸ್ಕಿನ ಕಬ್ಬಿಣವನ್ನು ನೇರವಾಗಿ ಕೆರೆದು ನಿಲ್ಲಿಸುವುದು. ಇದು ಕೆರೆಹಿಡಿತ. ಎಲ್ಲ ಪ್ಯಾಡುಗಳೂ ಎರಡನ್ನೂ ಬೆರೆಸಿಯೇ ಕೆಲಸ ಮಾಡುತ್ತವೆ. ಬೆರಕೆಯ ಪ್ರಮಾಣ ಬಿಸಿಯೊಂದಿಗೆ ಬದಲಾಗುತ್ತದೆ ಎನ್ನುವುದೇ ಈ ಅಧ್ಯಾಯದ ನಡುಗಂಬ.

ಟ್ರ್ಯಾಕಿನ ಪ್ಯಾಡಿನ ವಸ್ತು ಡಿಸ್ಕಿನ ಮೇಲೆ ಪದರವಾಗಿ ಕೂರಬೇಕಾದರೆ ನೂರೈವತ್ತು, ಇನ್ನೂರು ಡಿಗ್ರಿಯಾದರೂ ಬೇಕು. ಅದಕ್ಕಿಂತ ತಣ್ಣಗಿದ್ದಾಗ ಪದರ ಕೂರುವುದಿಲ್ಲ, ಮೊದಲೇ ಕೂತಿದ್ದರೆ ಅದನ್ನೂ ಕೆರೆದು ತೆಗೆಯುತ್ತದೆ. ಬೆಳಗಿನ ಟ್ರಾಫಿಕ್ಕಿನಲ್ಲಿ ಒಂದೊಂದು ಸಿಗ್ನಲ್ಲಿಗೆ ಹತ್ತು ಡಿಗ್ರಿ ಕಾಯುವ ಬ್ರೇಕು ದಿನವಿಡೀ ಓಡಿದರೂ ಆ ಬಿಸಿ ಮುಟ್ಟುವುದು ಅಪರೂಪ. ಹಾಗಾಗಿ ರಸ್ತೆಯಲ್ಲಿ ಆ ಪ್ಯಾಡು ಬರೀ ಕೆರೆಯುತ್ತಲೇ ಇರುತ್ತದೆ. ಹಿಡಿತ ಕಡಿಮೆ, ಇಲ್ಲವೇ ಒಂದೊಂದು ಸಲ ಒಂದೊಂದು ರೀತಿ. ಡಿಸ್ಕು ಬೇಗ ಸವೆಯುತ್ತದೆ. ಅಲಾಯ್ ಚಕ್ರದ ಮೇಲೆ ಕೂತ ಕಬ್ಬಿಣದ ಪುಡಿ ಒಂದು ಮಳೆಗೆ ತುಕ್ಕಾಗಿ ಕಚ್ಚಿಕೊಳ್ಳುತ್ತದೆ. ಕಿರುಚಾಟವನ್ನಂತೂ ಕೇಳುವುದೇ ಬೇಡ; ಸಿಗ್ನಲ್ಲಿನಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ, ಕಾರಿನ ಅಂದಕ್ಕಲ್ಲ. ಈಚಿನ ಕೆಲವು ರೇಸ್ ಪ್ಯಾಡುಗಳು ತಣ್ಣಗಿದ್ದಾಗಲೂ ಚೆನ್ನಾಗಿಯೇ ಹಿಡಿಯುತ್ತವೆ ಎನ್ನುವುದು ನಿಜ. ಅವು ಕೂಡ ಹಿಡಿಯುವುದು ಡಿಸ್ಕನ್ನು ತಿಂದುಕೊಂಡೇ.

ಹೊಸ ಪ್ಯಾಡ್ ಹಾಕಿದ ಮೇಲೆ ಪಳಗಿಸಬೇಕೆಂದು ತಯಾರಕರು ಹೇಳುವುದು ಈ ಪದರಕ್ಕಾಗಿಯೇ. ಖಾಲಿ ರಸ್ತೆಯಲ್ಲಿ ಒಂದಿಷ್ಟು ವೇಗಕ್ಕೆ ಹೋಗಿ ಗಟ್ಟಿಯಾಗಿ ಬ್ರೇಕ್ ಒತ್ತಿ, ಪೂರ್ತಿ ನಿಲ್ಲಿಸದೆ ಬಿಟ್ಟು, ಮತ್ತೆ ವೇಗ ಹಿಡಿದು ಮತ್ತೆ ಒತ್ತುವುದು. ಎಂಟು ಹತ್ತು ಸಲ. ಆಮೇಲೆ ಬ್ರೇಕನ್ನು ಮುಟ್ಟದೆ ಆರುವ ತನಕ ಓಡಿಸುವುದು. ಎಷ್ಟು ವೇಗ, ಎಷ್ಟು ಸಲ ಎನ್ನುವುದು ಪ್ಯಾಡಿನ ಡಬ್ಬಿಯ ಮೇಲಿರುತ್ತದೆ, ಅದನ್ನೇ ಪಾಲಿಸಿ. ಹಸಿ ಪ್ಯಾಡನ್ನು ಪಳಗಿಸದೆ ನೇರವಾಗಿ ಟ್ರ್ಯಾಕಿಗೆ ಒಯ್ದರೆ ಅದರ ರಾಳ ಮೊದಲ ಬಿಸಿಗೇ ಅನಿಲ ಬಿಡುತ್ತದೆ, ಪ್ಯಾಡು ಹಿಡಿತ ಬಿಟ್ಟುಕೊಡುತ್ತದೆ.

ನಡುವೆ ಪೂರ್ತಿ ನಿಲ್ಲಿಸಬಾರದೇಕೆ? ಕಾದ ಡಿಸ್ಕಿನ ಮೇಲೆ ಕಾದ ಪ್ಯಾಡು ಅಲುಗಾಡದೆ ಕೂತರೆ ಆ ಜಾಗದಲ್ಲಿ ಮಾತ್ರ ವಸ್ತು ದಪ್ಪವಾಗಿ ಮೆತ್ತಿಕೊಳ್ಳುತ್ತದೆ. ಟ್ರ್ಯಾಕಿನಿಂದ ಬಂದವರು ಪೆಡಲ್ ಒತ್ತಿಕೊಂಡೇ ನಿಂತರೆ, ಇಲ್ಲವೇ ಹ್ಯಾಂಡ್‌ಬ್ರೇಕ್ ಎಳೆದು ಇಳಿದುಹೋದರೆ ಆಗುವುದು ಇದೇ. ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಸ್ಟೀರಿಂಗ್ ನಡುಗತೊಡಗುತ್ತದೆ. ಗ್ಯಾರೇಜಿನವರು ‘ಡಿಸ್ಕ್ ಬೆಂಡ್ ಆಗಿದೆ ಸಾರ್’ ಎನ್ನುತ್ತಾರೆ. ರೇಸ್ ಕಾರುಗಳ ಎಂಜಿನಿಯರ್ ಕ್ಯಾರಲ್ ಸ್ಮಿತ್ ಇದನ್ನು ಬಹಳ ಹಿಂದೆಯೇ ಅಲ್ಲಗಳೆದಿದ್ದರು: ಬಗ್ಗಿದೆ ಎಂದು ತಂದ ಡಿಸ್ಕುಗಳಲ್ಲಿ ತಾವು ಕಂಡದ್ದು ಏರುಪೇರಾಗಿ ಮೆತ್ತಿಕೊಂಡ ಪ್ಯಾಡಿನ ವಸ್ತುವನ್ನು, ಬಾಗುವಿಕೆಯನ್ನಲ್ಲ ಎಂಬುದು ಅವರ ವಾದ. ಮೆತ್ತಿದ ಜಾಗ ಉಬ್ಬಿರುವುದರಿಂದ ಮಿಕ್ಕ ಕಡೆಗಿಂತ ಹೆಚ್ಚು ಕಾಯುತ್ತದೆ. ಸುಮಾರು 650 ಡಿಗ್ರಿ ದಾಟಿದರೆ ಅಲ್ಲಿನ ಕಬ್ಬಿಣವೇ ಸಿಮೆಂಟೈಟ್ ಎಂಬ ಅತಿ ಗಟ್ಟಿ ರೂಪಕ್ಕೆ ತಿರುಗುತ್ತದೆ. ಇನ್ನು ಲೇತಿನಲ್ಲಿ ಸ್ಕಿಮ್ಮಿಂಗ್ ಮಾಡಿಸಿದರೂ ಆ ಗಂಟು ಮತ್ತೆ ತಲೆಯೆತ್ತುತ್ತದೆ, ಏಕೆಂದರೆ ಅದು ಸುತ್ತಲಿನ ಕಬ್ಬಿಣಕ್ಕಿಂತ ನಿಧಾನವಾಗಿ ಸವೆಯುತ್ತದೆ. ಅಲ್ಲಿಗೆ ಡಿಸ್ಕು ಗುಜರಿಗೆ.

ದೋಸೆಯ ಕಾವಲಿಯಲ್ಲಿ ಚಪಾತಿ ಬೇಯಿಸಿದರೆ ಮನೆಯಲ್ಲಿ ಬೈಸಿಕೊಳ್ಳಬೇಕಾಗುತ್ತದೆ. ಮರುದಿನ ದೋಸೆ ಏಳುವುದಿಲ್ಲ. ಒಂದು ಜಾತಿಯ ಪ್ಯಾಡು ಸವರಿದ ಪದರದ ಮೇಲೆ ಇನ್ನೊಂದು ಜಾತಿಯ ಪ್ಯಾಡ್ ಹಾಕಿದಾಗಲೂ ಇದೇ ಗತಿ. ಹಳೆಯ ಪದರದ ಜೊತೆ ಹೊಸದು ಹೊಂದಿಕೊಳ್ಳುವುದಿಲ್ಲ, ಅಲ್ಲಲ್ಲಿ ಕಿತ್ತು ಅಲ್ಲಲ್ಲಿ ಉಳಿದು ನಡುಕ ಶುರುವಾಗುತ್ತದೆ.

ಬಿಸಿಹದ

ಈಗ ಮೊದಲಿನ ಒಗಟು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಪ್ರತಿಯೊಂದು ಪ್ಯಾಡಿಗೂ ಒಂದು ಬಿಸಿಹದ ಇದೆ. ಅದರ ಕೆಳಗಿನ ಅಂಚು ಪದರ ಕೂರಲು ಬೇಕಾದ ಬಿಸಿ. ಮೇಲಿನ ಅಂಚು ಪ್ಯಾಡು ತಾನೇ ಒಡೆಯತೊಡಗುವ ಬಿಸಿ. ರಸ್ತೆಯ ಪ್ಯಾಡಿನ ಹದ ಚಳಿಗಾಲದ ಮುಂಜಾವಿನಿಂದ ಶುರುವಾಗಿ ಮುನ್ನೂರೈವತ್ತು, ನಾನೂರು ಡಿಗ್ರಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಟ್ರ್ಯಾಕಿನ ಪ್ಯಾಡಿನದು ನೂರೈವತ್ತು, ಇನ್ನೂರರಲ್ಲಿ ಶುರುವಾಗಿ ಏಳುನೂರು ದಾಟುತ್ತದೆ. ಫಾರ್ಮುಲಾ ಒನ್ ಕಾರಿನ ಇಂಗಾಲದ ಬ್ರೇಕು ಸಾವಿರ ಡಿಗ್ರಿಯವರೆಗೆ ದುಡಿಯುತ್ತದೆ, ಆದರೆ ಕೆಲವು ನೂರು ಡಿಗ್ರಿ ಕಾಯುವ ತನಕ ಅದಕ್ಕೆ ನಿದ್ದೆ ಬಿಟ್ಟಿರುವುದಿಲ್ಲ. ಬಸ್ಸಿನ ಲೈನರ್ ಹದದ ಮೇಲಂಚು ದಾಟಿ ಸೋತಿತು, ರೇಸ್ ಕಾರಿನದು ಕೆಳಂಚು ಮುಟ್ಟದೆ ಸೋತಿತು.

ಕೆಳಗಿನ ಅಂಚನ್ನು ಹಾಗೇ ಇಟ್ಟು ಮೇಲಿನದನ್ನು ಮಾತ್ರ ಎತ್ತರಿಸಲು ಆಗದೇ? ಪ್ರಯತ್ನ ನಡೆದೇ ಇದೆ. ‘ರಸ್ತೆಗೂ ಟ್ರ್ಯಾಕಿಗೂ’ ಎಂದು ಮಾರುವ ನಡುವಿನ ಪ್ಯಾಡುಗಳು ಅದರ ಫಲ. ಆದರೆ ತಣ್ಣಗಿದ್ದಾಗ ನಯವಾಗಿ ಹಿಡಿಯಲು ನೆರವಾಗುವ ಮೆತ್ತನೆಯ ವಸ್ತುಗಳೇ ಬಿಸಿಗೆ ಮೊದಲು ಒಡೆಯುವಂಥವು. ಅವನ್ನು ತೆಗೆದಷ್ಟೂ ಮೇಲಂಚು ಏರುತ್ತದೆ, ಜೊತೆಗೆ ಕೆಳಂಚೂ ಏರುತ್ತದೆ. ನಡುವಿನ ಪ್ಯಾಡು ಎರಡೂ ಕಡೆ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟ ಒಪ್ಪಂದ. ಒಪ್ಪಂದ ಕೆಟ್ಟದ್ದೇನಲ್ಲ, ಎಲ್ಲಿ ಬಿಟ್ಟುಕೊಟ್ಟಿದೆ ಎಂದು ಗೊತ್ತಿರಬೇಕು ಅಷ್ಟೇ.

ಅಮೆರಿಕದ ಮಾರುಕಟ್ಟೆಗೆ ಬಂದ ಪ್ಯಾಡುಗಳ ಅಂಚಿನಲ್ಲಿ ಎಫ್‌ಎಫ್, ಜಿಜಿ ಎಂಬಂಥ ಎರಡಕ್ಷರ ಕಾಣುತ್ತವೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿ ಹಿಡಿತ ಎಷ್ಟು ಎನ್ನುವುದಕ್ಕೆ, ಎರಡನೆಯದು ಕಾದಾಗ ಎಷ್ಟು ಎನ್ನುವುದಕ್ಕೆ. ಜಿ ಎಂದರೆ ಹೆಚ್ಚಿನ ಹಿಡಿತ, ಎಫ್ ಅದಕ್ಕಿಂತ ಕೆಳಗೆ. ಇದನ್ನು ನೋಡಿ ಟ್ರ್ಯಾಕಿಗೆ ಪ್ಯಾಡ್ ಆರಿಸಿದರೆ ಮೋಸ ಹೋದಂತೆ. ಆ ಪರೀಕ್ಷೆಯಲ್ಲಿ ‘ಕಾದಾಗ’ ಎಂದರೆ ಹೆಚ್ಚೆಂದರೆ 340 ಡಿಗ್ರಿಯ ಸುತ್ತಮುತ್ತ. ಟ್ರ್ಯಾಕಿನ ಕಥೆ ಶುರುವಾಗುವುದೇ ಅಲ್ಲಿಂದ.

ಪೆಡಲ್ ಹೇಳುವ ಎರಡು ಸುದ್ದಿ

ಬ್ರೇಕ್ ಹಿಡಿಯಲಿಲ್ಲ ಎಂದು ಟ್ರ್ಯಾಕಿನಿಂದ ಬಂದವರನ್ನು ಮೊದಲು ಕೇಳಬೇಕಾದ ಪ್ರಶ್ನೆ: ಪೆಡಲ್ ಹೇಗಿತ್ತು? ಪೆಡಲ್ ಗಟ್ಟಿಯಾಗಿಯೇ ಇದ್ದು, ಎಷ್ಟು ತುಳಿದರೂ ಕಾರು ನಿಲ್ಲಲು ಒಪ್ಪದಿದ್ದರೆ ಪ್ಯಾಡು ತನ್ನ ಹದ ಮೀರಿದೆ. ಪೆಡಲ್ ಮೆತ್ತಗಾಗಿ ಒಳಗಿಳಿದುಹೋದರೆ ಅದು ಪ್ಯಾಡಿನ ತಪ್ಪಲ್ಲ, ಬ್ರೇಕ್ ಆಯಿಲ್ ಕುದಿದಿದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು. ಆ ಗುಣದ ಮೇಲೆಯೇ ಬ್ರೇಕು ನಿಂತಿದೆ. ಕುದಿದು ಆವಿಯ ಗುಳ್ಳೆ ಎದ್ದರೆ ಕಾಲಿನ ಒತ್ತಡವೆಲ್ಲ ಗುಳ್ಳೆಯನ್ನು ಕುಗ್ಗಿಸಲು ಹೋಗುತ್ತದೆ, ಪ್ಯಾಡಿಗೆ ತಲುಪುವುದಿಲ್ಲ. ಎರಡರಲ್ಲಿ ಹೆಚ್ಚು ಭಯಂಕರ ಇದೇ, ಏಕೆಂದರೆ ಮುನ್ಸೂಚನೆ ಸಿಗುವುದು ಕಡಿಮೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತ ಹೋಗುತ್ತದೆ. ಡಾಟ್ 4 ಎಂಬ ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಶೇಕಡ 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ರೇಸಿಗೆಂದು ಮಾರುವ ಆಯಿಲ್‌ಗಳು ಹೊಸದಾಗಿದ್ದಾಗ 300 ಡಿಗ್ರಿ ದಾಟುತ್ತವೆ. ದುಬಾರಿ ಪ್ಯಾಡ್ ತರಿಸಿ, ಮೂರು ವರ್ಷದ ಹಿಂದಿನ ಆಯಿಲ್‌ನಲ್ಲೇ ಟ್ರ್ಯಾಕಿಗಿಳಿಯುವವರನ್ನು ಕಂಡರೆ ಏನು ಹೇಳಬೇಕೋ ತಿಳಿಯುವುದಿಲ್ಲ. ಪ್ಯಾಡಿನ ದಪ್ಪವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಡಿಸ್ಕಿಗೂ ಆಯಿಲ್‌ಗೂ ನಡುವೆ ಬಿಸಿ ತಡೆಯುವ ಗೋಡೆ ಪ್ಯಾಡೇ. ಅರ್ಧಕ್ಕಿಂತ ಹೆಚ್ಚು ಸವೆದದ್ದು ರಸ್ತೆಗೆ ಇನ್ನೂ ಎಷ್ಟೋ ಸಾವಿರ ಕಿ.ಮೀ. ಬಂದೀತು, ಟ್ರ್ಯಾಕಿಗೆ ಬೇಡ.

ಕೊಳ್ಳುವ ಮೊದಲು

ಹಾಗಾದರೆ ಯಾವುದನ್ನು ಹಾಕಬೇಕು? ಮೊದಲು ನಿಮ್ಮ ಬ್ರೇಕು ಎಷ್ಟು ಕಾಯುತ್ತದೆ ಎಂದು ತಿಳಿಯಬೇಕು. ಸುತ್ತು ಮುಗಿಸಿ ಬಂದ ಮೇಲೆ ಬಿಸಿ ಅಳೆಯುವ ಗನ್ ಹಿಡಿದರೆ ಸುಳ್ಳು ಅಂಕಿ ಸಿಗುತ್ತದೆ, ಅಷ್ಟರಲ್ಲಿ ಡಿಸ್ಕು ಆರಿರುತ್ತದೆ. ಇದಕ್ಕೆ ರೇಸ್ ತಂಡಗಳು ಬಳಸುವ ಅಗ್ಗದ ಉಪಾಯ ಒಂದಿದೆ: ಬಿಸಿಗೆ ಬಣ್ಣ ಬದಲಿಸುವ ಪೇಂಟು. ಡಿಸ್ಕಿನ ಹೊರ ಅಂಚಿಗೆ ಹಸಿರು, ಕಿತ್ತಳೆ, ಕೆಂಪು ಮೂರು ಗೆರೆ ಬಳಿಯುತ್ತಾರೆ. ಹಸಿರು 430 ಡಿಗ್ರಿಯಲ್ಲಿ ಬಣ್ಣ ಬಿಡುತ್ತದೆ, ಕಿತ್ತಳೆ 560ರಲ್ಲಿ, ಕೆಂಪು 610ರಲ್ಲಿ. ಒಮ್ಮೆ ಬದಲಾದ ಬಣ್ಣ ಮತ್ತೆ ಮೊದಲಿನಂತಾಗುವುದಿಲ್ಲ, ಆದ್ದರಿಂದ ಅತಿ ಹೆಚ್ಚು ಬಿಸಿಯಾದದ್ದೆಷ್ಟು ಎಂಬ ದಾಖಲೆ ಉಳಿಯುತ್ತದೆ. ಹಸಿರೂ ಹಾಗೇ ಉಳಿದಿದ್ದರೆ ನಿಮಗೆ ರೇಸ್ ಪ್ಯಾಡ್ ಬೇಕಿಲ್ಲ. ಹೊಸಬರು ಬಹಳಷ್ಟು ಮಂದಿ ಈ ಗುಂಪಿನವರು. ಒಳ್ಳೆಯ ರಸ್ತೆ ಪ್ಯಾಡು, ಹೊಸ ಆಯಿಲ್, ನಾಲ್ಕೈದು ಸುತ್ತಿಗೊಮ್ಮೆ ನಿಧಾನದ ಒಂದು ಸುತ್ತು: ಇಷ್ಟು ಸಾಕು.

ಹಸಿರು, ಕಿತ್ತಳೆ ಎರಡೂ ಬದಲಾಗಿದ್ದರೆ ಮಾತು ಬೇರೆ. ಆಗ ನನ್ನ ಮತ ಎರಡು ಜೊತೆ ಪ್ಯಾಡಿನ ಪರ. ಪಿನ್ ತೆಗೆದರೆ ಪ್ಯಾಡು ಮೇಲಿಂದ ಹೊರಬರುವ ಕ್ಯಾಲಿಪರ್ (ಪ್ಯಾಡುಗಳನ್ನು ಹಿಡಿದು ಒತ್ತುವ ಭಾಗ) ಇರುವ ಕಾರುಗಳಲ್ಲಿ ಬದಲಿಸುವುದು ದೊಡ್ಡ ಕೆಲಸವೇನಲ್ಲ. ಒಬ್ಬರೇ ತಯಾರಕರ, ಒಂದರ ಪದರದ ಮೇಲೆ ಇನ್ನೊಂದು ಕೂರುತ್ತದೆ ಎಂದು ಅವರೇ ಹೇಳುವ ಜೋಡಿಯನ್ನು ಆರಿಸಿದರೆ ದೋಸೆ ಚಪಾತಿಯ ಜಗಳ ತಪ್ಪುತ್ತದೆ. ಇನ್ನೂ ಒಳ್ಳೆಯದೆಂದರೆ ಒಂದೊಂದು ಜೊತೆಗೆ ಒಂದೊಂದು ಡಿಸ್ಕು. ಮುಂದಿನ ಚಕ್ರಗಳಿಗೆ ಮಾತ್ರ ಹೊಸ ಜಾತಿಯ ಪ್ಯಾಡ್ ಹಾಕಿ ಹಿಂದಿನದನ್ನು ಮರೆಯಬೇಡಿ. ಮುಂದೆ ಹಿಂದೆ ಹಿಡಿತದ ಹಂಚಿಕೆಯನ್ನು ಕಾರು ಮಾಡಿದವರು ಲೆಕ್ಕ ಹಾಕಿ ಇಟ್ಟಿರುತ್ತಾರೆ. ಹಿಂದೆ ಹೆಚ್ಚು ಹಿಡಿಯುವ ಪ್ಯಾಡ್ ಹಾಕುವುದು ಎಲ್ಲಕ್ಕಿಂತ ಅಪಾಯ, ಬ್ರೇಕ್ ಒತ್ತಿದಾಗ ಕಾರಿನ ಬಾಲ ಮುಂದಕ್ಕೆ ಬರಲು ನೋಡುತ್ತದೆ.

ಬದಲಿಸುವ ತಾಪತ್ರಯ ಬೇಡ, ಒಂದೇ ಪ್ಯಾಡಿನಲ್ಲಿ ಹೋಗಿ ಬರಬೇಕು ಎನ್ನುವವರು ನಡುವಿನ ಪ್ಯಾಡು ಆರಿಸಲಿ, ಆದರೆ ತೂಗುವಾಗ ತಣ್ಣನೆಯ ಕಡೆಗೆ ತಕ್ಕಡಿ ವಾಲಲಿ. ಟ್ರ್ಯಾಕಿನಲ್ಲಿ ಹದ ಮೀರಿದರೆ ಒಂದು ಸುತ್ತು ನಿಧಾನವಾಗಿ ಓಡಿಸಿ ಆರಿಸಿಕೊಳ್ಳಬಹುದು, ಸುತ್ತ ಮರಳಿನ ಜಾಗವೂ ಟೈರುಗಳ ಗೋಡೆಯೂ ಇರುತ್ತವೆ. ಮಳೆಯ ಬೆಳಗ್ಗೆ ಹೆದ್ದಾರಿಯಲ್ಲಿ ಮುಂದಿನ ಲಾರಿ ತಟ್ಟನೆ ನಿಂತಾಗ ಬ್ರೇಕು ಕಾಯುವ ತನಕ ಕಾಯಲು ಯಾರಿಗೂ ಸಮಯವಿರುವುದಿಲ್ಲ. ಯುರೋಪಿನ ಕಾನೂನು ನಿಂತಿರುವುದೂ ಈ ಕಡೆಗೇ. ಅಲ್ಲಿನ ಆರ್90 ನಿಯಮದ ಪ್ರಕಾರ ರಸ್ತೆಗೆ ಮಾರುವ ಬದಲಿ ಪ್ಯಾಡು, ಮೂಲ ಪ್ಯಾಡಿನ ಹಿಡಿತದಿಂದ ಶೇಕಡ 15ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು. ಅಂದರೆ ಅತಿಯಾಗಿ ಹಿಡಿಯುವುದನ್ನೂ ಅದು ಒಪ್ಪುವುದಿಲ್ಲ. ರೇಸ್ ಪ್ಯಾಡುಗಳಲ್ಲಿ ಬಹುತೇಕಕ್ಕೆ ಈ ನಿಯಮದ ಮುದ್ರೆ ಇರುವುದಿಲ್ಲ. ಸಾರ್ವಜನಿಕ ದಿನಗಳಲ್ಲಿ ನಾರ್ಡ್‌ಶ್ಲೈಫಕ್ಕೆ ರಸ್ತೆಯ ಕಾನೂನೇ ಅನ್ವಯ, ಆದ್ದರಿಂದ ಮುದ್ರೆಯಿಲ್ಲದ ಪ್ಯಾಡಿನಲ್ಲಿ ಅಲ್ಲಿಗೆ ಹೋದವನು ತೊಂದರೆಯನ್ನು ಕೈಯಾರೆ ತಂದುಕೊಂಡಂತೆ.

ಒಳ್ಳೆಯ ತಯಾರಕರು ಬಿಸಿ ಏರಿದಂತೆ ಹಿಡಿತ ಹೇಗೆ ಬದಲಾಗುತ್ತದೆ ಎನ್ನುವ ಗೆರೆಯ ಚಿತ್ರವನ್ನು ಪ್ರಕಟಿಸುತ್ತಾರೆ. ಅಂಗಡಿಯವರು ಆ ಚಿತ್ರದ ಬಲತುದಿಯನ್ನು ತೋರಿಸಿ 700 ಡಿಗ್ರಿಯ ಮಾತಾಡುತ್ತಾರೆ. ನೀವು ಎಡತುದಿಯ ಮೇಲೆ ಬೆರಳಿಟ್ಟು, 50 ಡಿಗ್ರಿಯಲ್ಲಿ ಇದರ ಹಿಡಿತ ಎಷ್ಟು ಎಂದು ಕೇಳಿ. ಆ ಅಂಕಿ ಇಲ್ಲದ ಪ್ಯಾಡನ್ನು ರಸ್ತೆಗಿಳಿಯುವ ಕಾರಿಗೆ ಕೊಳ್ಳಬೇಡಿ.